ಇಂಧನ ಸಿಗುವ ನಕ್ಷತ್ರ

ಅತ್ತೆಯ ಹಡಗಿಗೆ ಅಳಿಯ ನಕ್ಷೆ ಓದುವವನಾದದ್ದು ಯಾರೂ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡು, ವಾಸಿಯಾಗುವವರೆಗೆಂದು ಮಗಳ ಮನೆಗೆ ಬಂದಿದ್ದರು. ಪಟ್ಟಿ ಬಿಚ್ಚಿದ ಮೇಲೆ ಬೆರಳಿಗೆ ಕಸರತ್ತು ಬೇಕೆಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಎರಡು ದಿನ ಅದನ್ನು ಹಿಸುಕಿದ ಅತ್ತೆ ಮೂರನೆಯ ದಿನ, "ಇದೇನು ಕಸರತ್ತೋ ಶಿಕ್ಷೆಯೋ" ಎಂದು ಚೆಂಡನ್ನು ಕಪಾಟಿನ ತಲೆಯ ಮೇಲೆ ಎಸೆದು ಕೈತೊಳೆದುಕೊಂಡರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರ್ ನೋಡಿಕೊಳ್ಳುವ ಮಗಳು ಆಗ ತನ್ನ ಸಹೋದ್ಯೋಗಿಯ ಮನೆಯಲ್ಲಿ ಧೂಳು ಹಿಡಿದು ಕೂತಿದ್ದ ಒಂದು ಕಂಪ್ಯೂಟರನ್ನೂ, ಹಿಡಿದು ಆಡಿಸುವ ಜಾಯ್‌ಸ್ಟಿಕ್ಕನ್ನೂ, ಜೊತೆಗೊಂದು ಬಾಹ್ಯಾಕಾಶದ ಆಟವನ್ನೂ ಹೊತ್ತು ತಂದಳು. ಹದಿನೈದು ದಿನಕ್ಕೆಂದು ತಂದದ್ದು. ಐದು ತಿಂಗಳಾದರೂ ವಾಪಸ್ ಹೋಗಲಿಲ್ಲ. ಅತ್ತೆಯೂ ವಾಪಸ್ ಹೋಗಲಿಲ್ಲ.

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಮತ್ತೆ ಹೆಡ್‌ಫೋನ್ ಸಿಕ್ಕಿದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು, ದನಿ ಬದಲಾಯಿತು. ಆಟದೊಳಗಿನ ಬಾಹ್ಯಾಕಾಶ ನಿಲ್ದಾಣಗಳಲ್ಲಿ ಮಾತಾಡುವುದು ಯಂತ್ರವೇ ಹೊರತು ಮನುಷ್ಯರಲ್ಲ ಎಂದು ಮಗಳು ಎಷ್ಟು ಸಲ ಹೇಳಿದರೂ, ಇಳಿಯಲು ಅನುಮತಿ ಸಿಕ್ಕಾಗಲೆಲ್ಲ ಅತ್ತೆ "ಧನ್ಯವಾದ, ಇಡ್ತೀನಿ" ಎನ್ನದೆ ಬಿಡುತ್ತಿರಲಿಲ್ಲ. ಹಡಗು ನಡೆಸುವುದರಲ್ಲಿ ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ತೊಡಕಾದದ್ದು ನಕ್ಷತ್ರಗಳ ನಕ್ಷೆ. ಒಂದು ಕೈಯಲ್ಲಿ ಹಡಗು, ಇನ್ನೊಂದರಲ್ಲಿ ನಕ್ಷೆ ಎಂದರೆ ಅವರಿಗೆ ಆಗುತ್ತಿರಲಿಲ್ಲ.

"ಅಳಿಯಂದಿರೇ, ನೀವು ರೈಲು ಓಡಿಸೋರು. ದಾರಿ ನೋಡೋದೇ ನಿಮ್ಮ ಕೆಲಸ. ಸ್ವಲ್ಪ ಕೂತ್ಕೊಂಡು ಹೇಳಬಾರದಾ?" ಎಂದರು ಒಂದು ದಿನ.

ರೈಲು ಓಡಿಸುವವರು ದಾರಿ ಹುಡುಕುವುದಿಲ್ಲ, ಹಳಿ ಹೋದತ್ತ ಹೋಗುತ್ತಾರೆ ಎನ್ನುವುದನ್ನು ಅತ್ತೆಗೆ ವಿವರಿಸಲು ಹೋದವನು ಕೊನೆಗೆ ಅವರ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಆಟದ ನಕ್ಷೆ ತೋರಿಸುವ ಟ್ಯಾಬ್ಲೆಟ್ ಇಟ್ಟುಕೊಂಡು ಕೂತಿದ್ದ. ಅವನದು ಬೆಳಗಿನ ಆರು ಹತ್ತರ ಲೋಕಲ್. ಎರಡು ಗಂಟೆಗೆ ಮನೆ ಸೇರಿದರೆ ಹೆಂಡತಿ ಬರುವ ಆರು ಗಂಟೆಯವರೆಗೆ ಮನೆಯಲ್ಲಿ ಅವನು, ಅತ್ತೆ ಇಬ್ಬರೇ. ಅತ್ತೆ ಅಳಿಯಂದಿರು ನಾಲ್ಕು ಗಂಟೆ ಕಾಲ ಎದುರುಬದುರು ಕೂತು ಮಾತಾಡುವುದಕ್ಕಿಂತ ಅಕ್ಕಪಕ್ಕ ಕೂತು ಆಕಾಶ ನೋಡುವುದು ಇಬ್ಬರಿಗೂ ಸುಲಭವೇ ಆಯಿತು.

ನಕ್ಷೆ ಮೊದಲು ತೆರೆದಾಗ ಹಾಲು ಚೆಲ್ಲಿ ಒರೆಸದೆ ಬಿಟ್ಟಂತೆ ಕಾಣುತ್ತಿತ್ತು. ಎರಡು ಬೆರಳಿಟ್ಟು ಹಿಗ್ಗಿಸುತ್ತಾ ಹೋದರೆ ಚುಕ್ಕಿಗಳು ಬಿಡಿಬಿಡಿಯಾಗಿ ಹತ್ತಿರ ಬರುತ್ತಿದ್ದವು. ಒಂದು ಚುಕ್ಕಿ ಮುಟ್ಟಿದರೆ ಪಕ್ಕದಲ್ಲಿ ಸಣ್ಣ ಚೌಕ ತೆರೆದು ನಕ್ಷತ್ರದ ಸಂಖ್ಯೆ, ದೂರ, ಬಗೆ ತೋರಿಸುತ್ತಿತ್ತು. "ಇಲ್ಲಿಗೆ ಹೋಗು" ಎಂದು ಒತ್ತಿದರೆ ಹಡಗಿನಿಂದ ಅಲ್ಲಿಗೆ ಒಂದು ಗೆರೆ ಬೀಳುತ್ತಿತ್ತು, ಹಡಗು ಒಂದೇ ಜಿಗಿತಕ್ಕೆ ಆ ನಕ್ಷತ್ರ ಮುಟ್ಟುತ್ತಿತ್ತು. ಎಲ್ಲ ನಕ್ಷತ್ರವೂ ಒಂದೇ ಅಲ್ಲ. ಬಿಳಿ, ನೀಲಿ, ಹಳದಿ ನಕ್ಷತ್ರಗಳ ಹತ್ತಿರ ಹಡಗು ಸುತ್ತು ಹಾಕಿದರೆ ಟ್ಯಾಂಕಿಗೆ ಇಂಧನ ತುಂಬುತ್ತದೆ. ಕೆಂಪು, ಕಂದು ನಕ್ಷತ್ರಗಳಿಂದ ಚಿಕ್ಕಾಸಿನಷ್ಟೂ ಬರುವುದಿಲ್ಲ. ಆದ್ದರಿಂದ ನಕ್ಷೆ ಓದುವವನು ಮಾಡಬೇಕಾದದ್ದು ಇಷ್ಟೇ: ನಾಲ್ಕಾರು ಜಿಗಿತಕ್ಕೊಮ್ಮೆ ಇಂಧನ ಸಿಗುವ ನಕ್ಷತ್ರ ದಾರಿಯಲ್ಲಿರುವಂತೆ ನೋಡಿಕೊಳ್ಳುವುದು. ಕಣ್ಣಿದ್ದವರು ಯಾರು ಬೇಕಾದರೂ ಮಾಡಬಹುದಾದ ಕೆಲಸ.

ತೊಂದರೆ ಇದ್ದದ್ದು ಅಲ್ಲೇ. ಅಳಿಯನಿಗೆ ಎಂಟು ತಿಂಗಳಿಂದ ಕೆಂಪು ಯಾವುದು, ಹಸಿರು ಯಾವುದು, ಕಂದು ಯಾವುದು ತಿಳಿಯುತ್ತಿರಲಿಲ್ಲ.

ಹೋದ ವರ್ಷ ಶ್ವಾಸಕೋಶದ ಕಾಯಿಲೆಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದ. ಬಣ್ಣಗಳು ಮಂಕಾದಂತೆ ಅನ್ನಿಸಿದರೆ ಆ ಕ್ಷಣವೇ ಬನ್ನಿ, ಮಾತ್ರೆ ಬದಲಾಯಿಸೋಣ, ತಡ ಮಾಡಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಒಂದು ಬೆಳಿಗ್ಗೆ ಗಾರ್ಡಿನ ಕೈಯಲ್ಲಿದ್ದ ಎರಡು ಬಾವುಟಗಳು ಒಂದೇ ಬಟ್ಟೆಯಿಂದ ಹರಿದ ಎರಡು ಚಿಂದಿಗಳಂತೆ ಕಂಡವು. ಅವನು ಡಾಕ್ಟರ ಹತ್ತಿರ ಹೋಗಲಿಲ್ಲ. ಅಲ್ಲಿ ಬರೆದದ್ದು ಇಲಾಖೆಗೆ ಹೋಗುತ್ತದೆ; ಇಲಾಖೆಗೆ ಹೋದರೆ ಮರುದಿನವೇ ಗಾಡಿಯಿಂದ ಇಳಿಸುತ್ತಾರೆ. ಮಾತ್ರೆ ಮುಗಿದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡ. ಮಾತ್ರೆ ಮುಗಿಯಿತು, ಕಣ್ಣು ಸರಿಹೋಗಲಿಲ್ಲ. ಇಪ್ಪತ್ತಾರು ವರ್ಷ ಗಾಡಿ ಓಡಿಸಿದವನಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ. ಡ್ರೈವರನ ಕ್ಯಾಬಿನ್ ಬಿಟ್ಟರೆ ತಾನು ಯಾರು ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ ಎಂದರೂ ತಪ್ಪಿಲ್ಲ.

ಹೇಗೆ ನಡೆಸುತ್ತಿದ್ದ ಎಂದರೆ, ಸಿಗ್ನಲ್ ಕಂಬದಲ್ಲಿ ದೀಪಕ್ಕೊಂದು ಜಾಗವಿದೆ. ಮೇಲಿನದು ಹಸಿರು, ನಡುವಿನದು ಹಳದಿ, ಕೆಳಗಿನದು ಕೆಂಪು. ಬಣ್ಣ ಕಾಣದಿದ್ದರೇನು, ಯಾವ ಜಾಗದಲ್ಲಿ ಬೆಳಕಿದೆ ಎಂದು ನೋಡಿದರೆ ಸಾಕು. ಅವನ ದಾರಿಯಲ್ಲಿ ಒಂದೇ ಒಂದು ಕಡೆ, ಹಳೆ ಗೋದಾಮಿನ ತಿರುವಿನಲ್ಲಿ, ಒಂದೇ ಗಾಜಿನ ಹಳೇ ಕಾಲದ ಸಿಗ್ನಲ್ ಇತ್ತು. ಅದೇ ಗಾಜು ಕೆಂಪೂ ಆಗುತ್ತದೆ, ಹಸಿರೂ ಆಗುತ್ತದೆ. ಅದರ ಸಂಖ್ಯೆ ಹದಿನಾಲ್ಕು. ಅಲ್ಲಿ ಅವನು ಗಾಡಿ ನಿಧಾನ ಮಾಡಿ, "ಬಿಸಿಲು ಹೊಡೀತಿದೆ, ಹದಿನಾಲ್ಕು ಏನು ತೋರಿಸ್ತಿದೆ?" ಎಂದು ಕಂಟ್ರೋಲಿಗೆ ರೇಡಿಯೋ ಮಾಡುತ್ತಿದ್ದ. ಮೋಡ ಕವಿದ ದಿನವೂ ಬಿಸಿಲು ಹೊಡೆಯುತ್ತಿತ್ತು. ಸಂಶಯ ಬಂದಲ್ಲೆಲ್ಲ ಬ್ರೇಕ್ ಹಾಕುವ ಇವನಿಗೆ ಡಿಪೋದಲ್ಲಿ 'ಬ್ರೇಕಪ್ಪ' ಎಂದು ಹೆಸರಿಟ್ಟಿದ್ದರು. ಅವನು ಎಲ್ಲರ ಜೊತೆ ಸೇರಿ ನಗುತ್ತಿದ್ದ. ಮನೆಯಲ್ಲಿ ಕಾಲುಚೀಲಗಳೆಲ್ಲ ಕಪ್ಪಾದವು, ಅಂಗಿಗಳೆಲ್ಲ ಬಿಳಿಯಾದವು. ಹೆಂಡತಿ, "ಇದೇನು, ವಯಸ್ಸಾಗ್ತಾ ಶಿಸ್ತು ಬಂತಾ?" ಎಂದು ಕೀಟಲೆ ಮಾಡಿ ಸುಮ್ಮನಾದಳು.

ಮುಂದಿನ ತಿಂಗಳ ಮೊದಲ ವಾರ ಅವನ ವೈದ್ಯಕೀಯ ತಪಾಸಣೆ. ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಪುಟಗಳ ಪುಸ್ತಕ ತೋರಿಸಿ ಓದಲು ಹೇಳುತ್ತಾರೆ. ಡಾಕ್ಟರು ಪ್ರತಿ ಸಲ ಅದೇ ಪುಸ್ತಕವನ್ನು ಅದೇ ಕ್ರಮದಲ್ಲಿ ತಿರುವುತ್ತಾರೆ ಎನ್ನುವುದನ್ನು ಅವನು ಬಲ್ಲ. ಅದರ ಅಂಕಿಗಳನ್ನು ಅಲ್ಲಿ ಇಲ್ಲಿ ಹುಡುಕಿ ಮಗ್ಗಿಯಂತೆ ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಆ ತಪಾಸಣೆ ದಾಟಿದರೆ ಇನ್ನು ಎರಡು ವರ್ಷ ಯಾರೂ ಕೇಳುವಂತಿಲ್ಲ.

ನಕ್ಷೆ ಓದಲು ಒಪ್ಪಿಕೊಂಡಾಗ ಇದರ ಭಯವಿತ್ತು. ಆದರೆ ಮೊದಲ ತಿಂಗಳು ಏನೂ ಆಗಲಿಲ್ಲ. ಊರ ಹತ್ತಿರದ ನಕ್ಷತ್ರಗಳ ವಿವರವೆಲ್ಲ ಚೌಕದಲ್ಲಿ ಅಕ್ಷರದಲ್ಲೇ ಬರೆದಿರುತ್ತಿತ್ತು. ಅವನು ಮುಟ್ಟಿ, ಓದಿ, ಹೇಳುತ್ತಿದ್ದ. ಅತ್ತೆ ಹಾರಿಸುತ್ತಿದ್ದರು. ಅಳಿಯನ ನಿಧಾನ ಕಂಡು ಅತ್ತೆ, "ನಿಮ್ಮ ಗಾಡೀಲಿ ಹೋಗೋರು ಬುತ್ತಿ ಕಟ್ಕೊಂಡೇ ಬರ್ತಾರೇನೋ" ಎನ್ನುತ್ತಿದ್ದರು. ಈ ಮಾತಿಗೆ ಅವನು ನಿಜವಾಗಿಯೂ ನಗುತ್ತಿದ್ದ.

ಆಮೇಲೆ ಅತ್ತೆಗೆ ದೊಡ್ಡ ಪ್ರಯಾಣದ ಹುಚ್ಚು ಹತ್ತಿತು. ಹನ್ನೊಂದು ಜನ ಪ್ರಯಾಣಿಕರನ್ನು ಹತ್ತಿಸಿಕೊಂಡು, ಯಾರೂ ಹೋಗದ ದೂರದಲ್ಲಿರುವ ಒಂದು ಬೆಳಕಿನ ಮೋಡ ತೋರಿಸಿ ವಾಪಸ್ ತರಬೇಕು. ಪ್ರಯಾಣಿಕರೆಂದರೆ ಪರದೆಯ ಬಲಮೂಲೆಯಲ್ಲಿ ಬೆರಳುಗುರಿನಷ್ಟು ದೊಡ್ಡ ಹನ್ನೊಂದು ಮುಖಗಳು, ಅಷ್ಟೇ. ಅತ್ತೆ ಅವರಿಗೆಲ್ಲ ಹೆಸರಿಟ್ಟರು. ದಪ್ಪ ಮೀಸೆಯವನು ದೊಡ್ಡ ಸಾಹೇಬ, ಗುಂಗುರು ಕೂದಲಿನವಳು ಪುಟ್ಟಕ್ಕ, ಸಿಡುಕು ಮುಖದವನು ಬಿಲ್ ಕಟ್ಟದವನು. ದಿನಕ್ಕೆ ಐದಾರು ಜಿಗಿತದಂತೆ ಪ್ರಯಾಣ ಸಾಗಿತು.

ಒಂದು ಗಡಿ ದಾಟಿದ ಮೇಲೆ ಚೌಕದಲ್ಲಿ ಅಕ್ಷರಗಳು ನಿಂತುಹೋದವು. ಯಾವ ಚುಕ್ಕಿ ಮುಟ್ಟಿದರೂ 'ಮಾಹಿತಿ ಇಲ್ಲ' ಎಂದಷ್ಟೇ ಬಂತು. ಯಾರೂ ಹೋಗಿ ನೋಡಿಲ್ಲವಾದ್ದರಿಂದ ಬರೆದಿಟ್ಟವರಿಲ್ಲ. ಇನ್ನು ಬಣ್ಣ ನೋಡಿಯೇ ತಿಳಿಯಬೇಕು. 

"ಯಾವ ಕಡೆ?" ಎಂದರು ಅತ್ತೆ.

ಅವನು ಮಿಂಚು ಹೆಚ್ಚಿದ್ದ ಒಂದು ಚುಕ್ಕಿ ಆರಿಸಿದ. ಹೆಚ್ಚು ಮಿಂಚುವುದು ಬಿಳಿಯೋ ನೀಲಿಯೋ ಇರಬೇಕು ಎನ್ನುವುದು ಲೆಕ್ಕ. ಲೆಕ್ಕ ಸರಿಹೋಯಿತು. ಮುಂದಿನದೂ ಸರಿಹೋಯಿತು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದರೆ ಮಾತ್ರ ಅತ್ತೆ ಇಂಧನ ತುಂಬಿಸಲು ನಿಲ್ಲುತ್ತಿದ್ದರು. ಉಳಿದ ನಕ್ಷತ್ರಗಳನ್ನು ಮುಟ್ಟಿ ಮುಂದೆ ಹೋಗುವುದೇ. ಎರಡು ಸಲ ಇಂಧನ ಬರಲಿಲ್ಲ. "ಮುಂದಿನದರಲ್ಲಿ ತುಂಬಿಸೋಣ ಅತ್ತೆ" ಎಂದ. ಮುಂದಿನದರಲ್ಲಿ ತುಂಬಿತು. ನಾಲ್ಕನೆಯ ದಿನದ ಹೊತ್ತಿಗೆ ಅವನಿಗೆ ಧೈರ್ಯ ಬಂತು. ಕಣ್ಣಿಗೇನೂ ಅಂಥ ಕೇಡಾಗಿಲ್ಲ, ಸ್ವಲ್ಪ ಗಮನ ಕೊಟ್ಟು ನೋಡಬೇಕಷ್ಟೆ ಎನ್ನಿಸತೊಡಗಿತು. ಸತ್ಯ ಹೇಳಬೇಕೆಂದರೆ, ಆ ವಾರ ಅವನು ಎಂಟು ತಿಂಗಳಲ್ಲಿ ಎಂದೂ ಇಲ್ಲದಷ್ಟು ಖುಷಿಯಾಗಿದ್ದ.

ಐದನೆಯ ದಿನ ಟ್ಯಾಂಕಿನಲ್ಲಿ ಒಂದೇ ಒಂದು ಜಿಗಿತಕ್ಕಾಗುವಷ್ಟು ಉಳಿದಿತ್ತು. ಜಿಗಿತದ ಅಳತೆಗೆ ಸಿಗುತ್ತಿದ್ದುದು ಮೂರು ನಕ್ಷತ್ರ. ನಕ್ಷೆಯನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು; ಬೆರಳಲ್ಲಿ ಸವರಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅಳಿಯ ತಿರುಗಿಸುತ್ತಿದ್ದಾಗ ಆ ಮೂರೂ ಚುಕ್ಕಿಗಳು ಒಂದರ ಕೆಳಗೊಂದು ನೆಟ್ಟಗೆ ಬಂದು ನಿಂತವು. ಅವನು ಯೋಚಿಸಲೇ ಇಲ್ಲ. ಇಪ್ಪತ್ತಾರು ವರ್ಷ ಕಂಬ ನೋಡಿದ ಕೈ ತಾನಾಗಿ ಹೋಗಿ ಎಲ್ಲಕ್ಕಿಂತ ಮೇಲಿನ ಚುಕ್ಕಿಯನ್ನು ಮುಟ್ಟಿತು.

"ಇದೇ," ಎಂದ. "ಹೋಗಬಹುದು."

ಹಡಗು ಹೋಗಿ ನಿಂತದ್ದು ಕಾವಿಲ್ಲದ ಒಂದು ಕೆಂಪು ನಕ್ಷತ್ರದ ಮುಂದೆ. ಅತ್ತೆ ಸುತ್ತು ಹಾಕಿದರು. ಟ್ಯಾಂಕಿನ ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ಸುತ್ತು ಹಾಕಿದರು. ಆಮೇಲೆ ಹಡಗಿನ ದೀಪಗಳು ಒಂದೊಂದಾಗಿ ಆರಿದವು. ಉಸಿರಾಡುವ ಗಾಳಿ ಇನ್ನು ಐದು ನಿಮಿಷಕ್ಕೆ ಮಾತ್ರ ಎಂದು ಆಟ ಹೇಳಿತು. ಸಹಾಯ ಕೇಳಿ ಸಂದೇಶ ಕಳಿಸಿದರೆ ಕಿವಿಗೆ ಹಾಕಿಕೊಳ್ಳಲು ಆ ದೂರದಲ್ಲಿ ಯಾರೂ ಇರಲಿಲ್ಲ. ಬಲಮೂಲೆಯ ಹನ್ನೊಂದು ಮುಖಗಳು ಒಂದರ ಹಿಂದೊಂದು ಬೂದಿ ಬಣ್ಣಕ್ಕೆ ತಿರುಗತೊಡಗಿದವು. ಆ ಬದಲಾವಣೆ ಮಾತ್ರ ಅಳಿಯನಿಗೂ ಸ್ಪಷ್ಟವಾಗಿ ಕಂಡಿತು.

"ತಪ್ಪಾಯ್ತು ಅತ್ತೆ," ಎಂದ.

"ಆಟ ತಾನೇ," ಎಂದು ಅತ್ತೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಆದರೆ ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಅವನ ಮುಖವನ್ನು.

ಬೇರೆ ಯಾರಾದರೂ ಆಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ಮುಖ ಕಾಣದ ಜನರ ಮಾತು ಕೇಳಿದವರ ಕಿವಿ ಸಾಮಾನ್ಯದ್ದಲ್ಲ. "ಇದ್ದಾರೆ" ಅನ್ನುವುದಕ್ಕೂ "ಇಲ್ಲ" ಅನ್ನುವುದಕ್ಕೂ ಮುಂಚೆ ಜನ ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ ಎನ್ನುವುದರ ಮೇಲೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯುತ್ತಿತ್ತು ಅವರಿಗೆ. ದೂರ ಎಷ್ಟು ಎಂದು ಕೇಳಿದರೆ ಅಳಿಯ ತಟ್ಟನೆ ಹೇಳುತ್ತಾನೆ. ಯಾವ ಬಣ್ಣ ಎಂದು ಕೇಳಿದರೆ ಉಗುಳು ನುಂಗುತ್ತಾನೆ. ಇದನ್ನು ಅವರು ಮೊದಲೇ ಗಮನಿಸಿದ್ದರು, ಕಾರಣ ಹೊಳೆದಿರಲಿಲ್ಲ.

ಮರುದಿನ ಆಟ ಮತ್ತೆ ಮೊದಲಿನಿಂದ ಶುರುವಾಯಿತು. ಅತ್ತೆ ಹಡಗು ನಡೆಸುತ್ತಾ ಅಲ್ಲಲ್ಲಿ ಸಣ್ಣ ಸಣ್ಣ ಕೆಲಸ ಹೇಳಿದರು. ಕಪಾಟಿನಿಂದ ಕೆಂಪು ಡಬ್ಬಿ ತಂದುಕೊಡಿ ಎಂದರು. ಅಲ್ಲಿ ಎರಡು ಡಬ್ಬಿ ಇದ್ದವು. ಅಳಿಯ ಎರಡನ್ನೂ ತಂದು, "ಯಾವುದು ಬೇಕೋ ನೋಡ್ಕೊಳಿ" ಎಂದ. ಹಣ್ಣು ಕಳಿತಿದೆಯಾ ನೋಡಿ ಎಂದರು. ಅವನು ನೋಡಲಿಲ್ಲ, ಒತ್ತಿ ನೋಡಿದ. ಮಣಿಕಟ್ಟಿಗೆ ಹಚ್ಚುವ ಮುಲಾಮಿನ ಹಸಿರು ಮುಚ್ಚಳ ಎಲ್ಲಿ ಹೋಯ್ತು ಎಂದರು. ಅದು ಅವನ ಮೂಗಿನ ಕೆಳಗೇ, ಕೆಂಪು ಮೇಜುಬಟ್ಟೆಯ ಮೇಲೆ ಬಿದ್ದಿತ್ತು. ಅಳಿಯ ಕುರ್ಚಿಯ ಕೆಳಗೆ ಬಗ್ಗಿ ಹುಡುಕಿದ. ಅತ್ತೆ ಮುಚ್ಚಳವನ್ನು ತಾವೇ ಎತ್ತಿಕೊಂಡರು.

ಅದಾಗಿ ಎರಡು ದಿನದ ಮೇಲೆ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಅವನು ಬಂದು ಕೂತು ನಕ್ಷೆ ತೆರೆದರೆ, ನಕ್ಷೆ ಬೇರೆಯೇ ಆಗಿತ್ತು. ಚುಕ್ಕಿಗಳೆಲ್ಲ ಚುಕ್ಕಿಗಳಾಗಿ ಉಳಿದಿರಲಿಲ್ಲ. ಕೆಲವು ತ್ರಿಕೋನ, ಕೆಲವು ಚೌಕ, ಕೆಲವು ಉಂಗುರ. ಬದಿಯಲ್ಲಿ ಸಣ್ಣಕ್ಷರದಲ್ಲಿ ವಿವರಣೆ ಇತ್ತು: ತ್ರಿಕೋನದಲ್ಲಿ ಇಂಧನ ಸಿಗುತ್ತದೆ, ಚೌಕದಲ್ಲಿ ಸಿಗುವುದಿಲ್ಲ, ಉಂಗುರದ ಹತ್ತಿರ ಹೋಗಲೇಬಾರದು. ಅವನು ಮೊದಲು ಅರ್ಥವಾಗದೆ ನೋಡಿದ. ಅರ್ಥವಾದಾಗ ಮೊದಲು ಬಂದದ್ದು ಸಂತೋಷ. ಎಂಟು ತಿಂಗಳಲ್ಲಿ ಮೊದಲ ಸಲ ಒಂದನ್ನು ನೋಡಿ ಇದು ಇದೇ ಎಂದು ಖಚಿತವಾಗಿ ಹೇಳಬಹುದಾಗಿತ್ತು. ಎಡಬಲ ತಿರುಗಿಸಿದ, ತಲೆಕೆಳಗು ಮಾಡಿದ. ತ್ರಿಕೋನ ತ್ರಿಕೋನವಾಗಿಯೇ ಇತ್ತು.

ಸೆಟ್ಟಿಂಗ್ಸ್ ತೆರೆದು ಹುಡುಕಿದ. 'ಬಣ್ಣ ಗುರುತಿಸಲು ಕಷ್ಟವಾಗುವವರಿಗೆ' ಎಂಬ ಸಾಲಿನ ಮುಂದೆ ಯಾರೋ ಗುರುತು ಹಾಕಿದ್ದರು. ಯಾರೋ ಎಂದರೆ ಆ ಮನೆಯಲ್ಲಿ ಯಾರಿರಲು ಸಾಧ್ಯ? ಪಕ್ಕದಲ್ಲಿ ಅತ್ತೆ ಹೆಡ್‌ಫೋನ್ ಹಾಕಿಕೊಂಡು ಯಾವುದೋ ನಿಲ್ದಾಣಕ್ಕೆ ಧನ್ಯವಾದ ಹೇಳುತ್ತಿದ್ದರು. 

ಅವನು ನಕ್ಷೆ ಸವರುತ್ತಾ ಕೂತ. ಸವರುತ್ತಿದ್ದಂತೆ ಹಿಂದಿನ ಪ್ರಯಾಣದ ಗೆರೆ ಕಣ್ಣಿಗೆ ಬಿತ್ತು. ಹಡಗು ಹೋದರೂ ಆಟ ಅದರ ದಾರಿಯನ್ನು ಅಳಿಸಿರಲಿಲ್ಲ. 'ಮಾಹಿತಿ ಇಲ್ಲ' ಶುರುವಾದ ಮೇಲೆ ಇಂಧನ ಸಿಗುತ್ತದೆಂದು ತಾನೇ ಆರಿಸಿ ಹೇಳಿದ ನಕ್ಷತ್ರಗಳು ಸಾಲಾಗಿ ಇದ್ದವು. ಒಟ್ಟು ಹದಿನೆಂಟು. ತಪ್ಪಿದ್ದು ಮೂರು ಎಂದು ಅವನ ನೆನಪು: ಮೊದಲಿನ ಎರಡು, ಕೊನೆಯದೊಂದು.

ಅವನು ಒಂದೊಂದನ್ನೇ ಎಣಿಸಿದ. ಚೌಕಗಳು ಎಂಟು ಇದ್ದವು.

ಮತ್ತೆ ಎಣಿಸಿದ. ಎಂಟೇ. ಐದು ಕಡೆ ತಪ್ಪು ಹೇಳಿಯೂ ತಿಳಿದೇ ಇರಲಿಲ್ಲ, ಏಕೆಂದರೆ ಆಗ ಟ್ಯಾಂಕಿನಲ್ಲಿ ಸಾಕಷ್ಟಿತ್ತು, ಅತ್ತೆ ನಿಲ್ಲದೆ ಹೋಗಿದ್ದರು. ತಪ್ಪಾಗಿತ್ತು, ಏನೂ ಆಗಿರಲಿಲ್ಲ, ಏನೂ ಆಗದ್ದನ್ನು ಅವನು ಸರಿ ಎಂದು ಬರೆದುಕೊಂಡಿದ್ದ. ಹೆಚ್ಚು ಮಿಂಚುವ ಬಿಳಿ ನಕ್ಷತ್ರಗಳನ್ನು ಬಿಟ್ಟರೆ ಉಳಿದದ್ದರಲ್ಲಿ ಅವನು ಕಣ್ಣು ಮುಚ್ಚಿಕೊಂಡು ಬೆರಳಿಟ್ಟಿದ್ದರೂ ಇಷ್ಟೇ ಆಗುತ್ತಿತ್ತು.

ಆಗ ಅವನಿಗೆ ನೆನಪಾದದ್ದು ಮೂರು ವಾರದ ಹಿಂದಿನ ಒಂದು ಬೆಳಿಗ್ಗೆ. ಹದಿನಾಲ್ಕರ ಹತ್ತಿರ ರೇಡಿಯೋ ಗರಗರ ಎನ್ನುತ್ತಿತ್ತೇ ಹೊರತು ಉತ್ತರ ಬರಲಿಲ್ಲ. ಹಿಂದೆ ಇನ್ನೊಂದು ಗಾಡಿ ಬರುವ ಹೊತ್ತು. ಅವನು ಗಾಜನ್ನು ದಿಟ್ಟಿಸಿ ನೋಡಿದ, ಹಸಿರು ಎನ್ನಿಸಿತು, ಗಾಡಿ ಬಿಟ್ಟ. ಹಸಿರೇ ಆಗಿತ್ತು. ಅವತ್ತಿನಿಂದ ಅದನ್ನು ಅವನು ಕಂಡೆ ಎಂದೇ ಹೇಳಿಕೊಳ್ಳುತ್ತಾ ಬಂದಿದ್ದ. ನೋಡು, ಗಮನ ಕೊಟ್ಟರೆ ಕಾಣುತ್ತದೆ ಎಂದು. ಅದು ಕಂಡದ್ದಲ್ಲ. ಅದೂ ಆ ಹದಿನೆಂಟರಂತೆ ಸುಮ್ಮನೆ ಬೆರಳಿಟ್ಟದ್ದೇ; ಅದೃಷ್ಟಕ್ಕೆ ತ್ರಿಕೋನವಾಗಿ ಬಿದ್ದಿತ್ತು. ಹಿಂದೆ ಒಂಬತ್ತು ಬೋಗಿ ತುಂಬಾ ಜನ ನಿಂತಿದ್ದರು. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

"ಅತ್ತೆ," ಎಂದ. "ಇದನ್ನ ನೀವೇ ಹಾಕಿದ್ದಾ?"

ಅತ್ತೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡರು. "ಹೂಂ. ಇಡೀ ಬೆಳಿಗ್ಗೆ ಹುಡುಕಿದೆ. ಎಲ್ಲೋ ಮೂಲೇಲಿ ಮುಚ್ಚಿಟ್ಟಿದ್ದಾರೆ."

"ನಿಮ್ಮ ಮಗಳಿಗೆ ಹೇಳಿದ್ರಾ?"

"ನನ್ನ ಕೆಲಸ ಲೈನ್ ಕೊಡೋದು. ಮಾತಾಡೋರು ನೀವು." ಆಮೇಲೆ ಕೇಳಿದರು, "ಎಷ್ಟು ದಿನ ಆಯ್ತು?"

ಎಂಟು ತಿಂಗಳು ಎಂದು ಅವನು ಹೇಳಿದ. ಬಾವುಟ, ಮಾತ್ರೆ, ಡಾಕ್ಟರು ಹೇಳಿದ್ದು, ತಾನು ಹೋಗದೆ ಇದ್ದದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ವಕಾಲತ್ತಿಗೂ ಇಳಿದ. "ಕಂಬದಲ್ಲಿ ದೀಪಕ್ಕೆ ಜಾಗ ಇರುತ್ತೆ ಅತ್ತೆ. ಕೆಂಪು ಯಾವತ್ತೂ ಕೆಳಗೇ. ಬಣ್ಣ ನೋಡ್ಲೇಬೇಕು ಅಂತಿಲ್ಲ."

"ಎಲ್ಲಾ ಕಡೆ ಹಾಗೇನಾ?"

ಅಳಿಯ ಉಗುಳು ನುಂಗಿದ. ಅತ್ತೆಗೆ ಆ ಸದ್ದೇ ಉತ್ತರವಾಯಿತು.

"ಆಗ್ಲೇ ಹೋಗಿದ್ರೆ ಸರಿಹೋಗ್ತಿತ್ತೇನೋ," ಎಂದ ಅವನು. "ಕಣ್ಣೂ ಹೋಯ್ತು."

"ಸರಿಹೋಗ್ತಿತ್ತೇನೋ," ಎಂದರು ಅತ್ತೆ. ಇಲ್ಲಪ್ಪ, ಹಾಗೇನಿಲ್ಲ ಎಂದು ಸಮಾಧಾನ ಮಾಡುವ ಜಾಯಮಾನ ಅವರದಲ್ಲ. ಆದರೆ ಕೈ ಚಾಚಿ, ಇನ್ನೂ ಪೂರ್ತಿ ಮಡಚಲು ಬಾರದ ಆ ಬೆರಳುಗಳಿಂದ ಅವನ ಮುಂಗೈಯನ್ನು ಒಮ್ಮೆ ಹಿಡಿದು ಬಿಟ್ಟರು. ಹತ್ತೊಂಬತ್ತು ವರ್ಷದ ಸಂಬಂಧದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು.

ಗೋಡೆ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಐದು ಗಂಟೆಗೆ ಡಿಪೋದಲ್ಲಿ ಮರುದಿನದ ಡ್ಯೂಟಿ ಪಟ್ಟಿ ಅಂತಿಮವಾಗುತ್ತದೆ. ಆಮೇಲೆ ಬದಲಾಯಿಸುವುದು ಕಷ್ಟ. ಅವನು ಎದ್ದು ಫೋನ್ ತೆಗೆದುಕೊಂಡ.

"ಮೊದಲು ಹೆಂಡತಿಗೆ ಹೇಳಿ. ಆರಕ್ಕೆ ಬರ್ತಾಳೆ," ಎಂದರು ಅತ್ತೆ.

"ಅವಳಿಗೆ ಮೊದಲು ಹೇಳಿದ್ರೆ ಅವಳು ಅಳ್ತಾಳೆ, ನನ್ನ ತಲೆ ಸವರ್ತಾಳೆ. ಆಮೇಲೆ ನಾಳೆ ಒಂದು ದಿನ ಹೋಗಿ ಬಂದು ಹೇಳಿದ್ರಾಯ್ತು ಅನ್ನಿಸುತ್ತೆ ನನಗೆ. ನನ್ನ ಬುದ್ಧಿ ನನಗೆ ಗೊತ್ತಲ್ಲ."

ಅತ್ತೆ ಹೌದೆಂಬಂತೆ ತಲೆಯಾಡಿಸಿ ಆಟದ ಸದ್ದು ಪೂರ್ತಿ ಇಳಿಸಿದರು.

ಡಿಪೋದ ಮೇಲ್ವಿಚಾರಕರು ಎರಡನೆಯ ರಿಂಗಿಗೇ ಎತ್ತಿಕೊಂಡರು. ಇವನಿಗಿಂತ ಎರಡು ವರ್ಷ ಕಿರಿಯರು. ಒಂದು ಕಾಲದಲ್ಲಿ ಇವನ ಕೈಕೆಳಗೇ ಗಾಡಿ ಕಲಿತವರು. "ಏನು ಬ್ರೇಕಪ್ಪನವರು, ಈ ಹೊತ್ತಲ್ಲಿ? ರಜೆ ಗಿಜೆ ಅಂದ್ರೆ ಮಾತ್ರ ಕೇಳ್ಬೇಡಿ, ಜನ ಇಲ್ಲ ನನ್ನ ಹತ್ರ," ಎಂದು ನಕ್ಕರು.

"ನಾಳೆ ಆರು ಹತ್ತಕ್ಕೆ ಬೇರೆಯವರನ್ನ ಹಾಕಿ ಸಾರ್. ನಾಳೆ ಅಂತಲ್ಲ, ಇನ್ಮೇಲೆ."

"ಯಾಕೆ, ಮತ್ತೆ ಕೆಮ್ಮಾ?"

"ಅಲ್ಲ. ನನಗೆ ಕೆಂಪು ಹಸಿರು ಗೊತ್ತಾಗ್ತಿಲ್ಲ."

ಈ ಮಾತು ಇಷ್ಟು ಚಿಕ್ಕದಾಗಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ಎಂಟು ತಿಂಗಳು ಹೊತ್ತು ತಿರುಗಿದ್ದು ನಾಲ್ಕು ಪದದಲ್ಲಿ ಮುಗಿದುಹೋಯಿತು. ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು. ಆ ಹಗುರ ತನಗೆ ಸಲ್ಲತಕ್ಕದ್ದಲ್ಲ ಎಂದೂ ಅನ್ನಿಸಿತು.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಬಾಗಿಲು ಹಾಕಿದ ಸದ್ದಾಯಿತು. ಮತ್ತೆ ಮಾತಾಡಿದಾಗ ಮೇಲ್ವಿಚಾರಕರ ದನಿಯಲ್ಲಿ ನಗು ಇರಲಿಲ್ಲ.

"ಯಾವಾಗಿಂದ?"

ಹೋದ ವಾರದಿಂದ ಎಂದು ಹೇಳಬಹುದಿತ್ತು. ಆ ಉತ್ತರ ನಾಲಿಗೆಯ ತುದಿಗೆ ಬಂದೂ ಇತ್ತು. ಪಕ್ಕದಲ್ಲಿ ಅತ್ತೆ ಪರದೆಯತ್ತ ಮುಖ ಮಾಡಿ ಕೂತಿದ್ದರು. ಅವರ ಕಿವಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವನು ನಿಜ ಹೇಳಿದ್ದು ಅವರಿಗಾಗಿ ಅಲ್ಲ. ಸುಳ್ಳು ಹೇಳುವಷ್ಟು ಕಸುವು ಅವನಲ್ಲಿ ಉಳಿದಿರಲಿಲ್ಲ.

"ಎಂಟು ತಿಂಗಳಿಂದ."

"ಎಂಟು ತಿಂಗಳು," ಎಂದರು ಅವರು. ಮತ್ತೆ ತಮಗೆ ತಾವೇ ಎಂಬಂತೆ, "ಎಂಟು ತಿಂಗಳು." ಆಮೇಲೆ ಹೇಳಿದರು, "ನನ್ನ ಹೆಂಡ್ತಿ ದಿನಾ ನಿಮ್ಮ ಗಾಡೀಲೇ ಕೆಲಸಕ್ಕೆ ಹೋಗೋದು."

"ಗೊತ್ತು ಸಾರ್," ಎಂದ ಅವನು. "ದಿನಾ ಹತ್ತೋಕೆ ಮುಂಚೆ ನನಗೆ ಕೈ ಬೀಸ್ತಾರೆ. ನಾನೂ ಬೀಸ್ತೀನಿ."

ಮೇಲ್ವಿಚಾರಕರು ಫೋನ್ ಇಡಲಿಲ್ಲ, ಬೈಯಲೂ ಇಲ್ಲ. ಅವನು ಬೈಗುಳಕ್ಕಾಗಿ ಕಾಯುತ್ತಾ ನಿಂತೇ ಇದ್ದ.